ಮೊದಲ ಮೂವತ್ತೈದು ಮೈಲಿ

ಯೊಕೊಹಾಮದಲ್ಲಿರುವ ಮಗಳು 2018ರ ಮೇ ತಿಂಗಳಲ್ಲಿ ನನ್ನ ಪ್ರಯಾಣದ ವಿವರವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಕಳಿಸಿದಳು. ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕಾರು. ಅಲ್ಲಿಂದ ಸಿಂಗಪುರಕ್ಕೆ ಒಂದು ವಿಮಾನ, ಸಿಂಗಪುರದಿಂದ ಟೋಕಿಯೋದ ಹನೇಡಾಕ್ಕೆ ಇನ್ನೊಂದು ವಿಮಾನ. ಹನೇಡಾದಿಂದ ಯೊಕೊಹಾಮಕ್ಕೆ ಬಸ್ಸು, ಅರ್ಧ ಗಂಟೆಯ ದಾರಿ. ಎಲ್ಲೆಲ್ಲಿ ಯಾವ ಬಾಗಿಲಲ್ಲಿ ಹೊರಗೆ ಬರಬೇಕು, ಯಾರಿಗೆ ಏನು ತೋರಿಸಬೇಕು ಎಂಬುದನ್ನು ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬರೆದಿದ್ದಳು. ನಾನು ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಆಗ ಎಂಬತ್ತೆರಡು. ಬೆರಳು ಮಡಿಸಿ ಎಣಿಸಿದಳು. “ಕಾರು, ವಿಮಾನ, ವಿಮಾನ, ಬಸ್ಸು. ಇಷ್ಟೇನಾ? ನಾನು ಕೈವಾರಕ್ಕೆ ಹೋಗಬೇಕಾದರೆ ಇದಕ್ಕಿಂತ ಜಾಸ್ತಿ ಆಗುತ್ತಿತ್ತಲ್ಲೇ” ಅಂದಳು.

ನನಗೆ ನಗು ಬಂತು. ಆದರೆ ಅಮ್ಮ ತಮಾಷೆಗೆ ಹೇಳಿದ ಮಾತಲ್ಲ ಅದು.

ಅಮ್ಮನ ತೌರು ಕೈವಾರದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಚಿಕ್ಕಬಳ್ಳಾಪುರಕ್ಕೆ. ನಕ್ಷೆಯಲ್ಲಿ ನೋಡಿದರೆ ಒಂದು ಗೇಣೂ ಇಲ್ಲ. ಆದರೆ ಅಲ್ಲಿಗೆ ಹೋಗಬೇಕೆಂದರೆ ಮನೆಯಿಂದ ಸ್ಟೇಷನ್ನಿಗೆ ಜಟಕಾ, ಅಲ್ಲಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ನಮ್ಮ ಪುಟ್ಟ ರೈಲು, ಚಿಂತಾಮಣಿಯಲ್ಲಿ ಬಸ್ಸು ಸಿಕ್ಕಿದರೆ ಬಸ್ಸು, ಇಲ್ಲವಾದರೆ ಸಂತೆಯಿಂದ ವಾಪಸಾಗುವ ಯಾರದಾದರೂ ಎತ್ತಿನ ಗಾಡಿ, ಕಡೆಗೆ ಗಂಟು ಹೊತ್ತು ನಡಿಗೆ. ಇದೆಲ್ಲದಕ್ಕೂ ಮೊದಲು ಇನ್ನೊಂದು ಬೇಕಾಗಿತ್ತು. ಜೊತೆಗೆ ಬರಲು ಒಬ್ಬ ಗಂಡಸು. ಅದು ಸಿಗದಿದ್ದರೆ ಮಿಕ್ಕ ಗಾಡಿಗಳು ಇದ್ದೂ ಇಲ್ಲದ ಹಾಗೆ.

1963ರಲ್ಲಿ ನನಗೆ ಏಳು ವರ್ಷ. ಅಜ್ಜಿಗೆ ಮೈ ಚೆನ್ನಾಗಿಲ್ಲವೆಂದು ಕಾರ್ಡು ಬಂತು. ಅಪ್ಪನಿಗೆ ಜಮಾಬಂದಿಯ ಕೆಲಸ, ಬಿಟ್ಟು ಬರುವ ಹಾಗಿಲ್ಲ. ಗೌರಿಬಿದನೂರಿನಲ್ಲಿದ್ದ ಚಿಕ್ಕಪ್ಪನಿಗೆ ಹೇಳಿ ಕಳಿಸಿದರು. ಅವರು ಬರಲು ಎರಡು ದಿನವಾಯಿತು. ಆ ಎರಡು ದಿನವೂ ಬೆಳಿಗ್ಗೆ ರೈಲಿನ ಸಿಳ್ಳು ನಮ್ಮ ಮನೆಗೆ ಕೇಳಿಸುತ್ತಿತ್ತು. ಅಮ್ಮ ಒಲೆಯ ಮುಂದೆ ಕೂತು ಅದನ್ನು ಕೇಳುತ್ತಿದ್ದಳು. ಮೂರನೆಯ ದಿನ ನಮ್ಮನ್ನು ಕರೆದುಕೊಂಡು ಹೋದಾಗ ಹಳ್ಳಿಯ ಬಾಗಿಲಲ್ಲೇ ಗೊತ್ತಾಯಿತು. ಹಿಂದಿನ ಸಂಜೆಯೇ ಎಲ್ಲ ಮುಗಿದಿತ್ತು.

ಯಾರನ್ನೂ ಅಮ್ಮ ಬೈಯಲಿಲ್ಲ. ಊರಿಗೆ ಮರಳಿದ ಮೇಲೆ ಒಂದು ಖಾಲಿ ಬಿಸ್ಕತ್ತಿನ ಡಬ್ಬ ತೆಗೆದುಕೊಂಡು ಸಾಸಿವೆ ಡಬ್ಬದ ಹಿಂದೆ ಇಟ್ಟಳು. ತರಕಾರಿಯಲ್ಲಿ, ಹಾಲಿನಲ್ಲಿ ಉಳಿದ ಐದು ಪೈಸೆ ಹತ್ತು ಪೈಸೆ ಅದಕ್ಕೆ ಬೀಳುತ್ತಿತ್ತು. ನಾವು ಮಕ್ಕಳು ಅದನ್ನು ಗಾಡಿ ಡಬ್ಬ ಅನ್ನುತ್ತಿದ್ದೆವು. ಅದರ ದುಡ್ಡು ಬಳೆಗಾಗಲಿ ಸಿನಿಮಾಕ್ಕಾಗಲಿ ಎಂದೂ ಹೋದದ್ದಿಲ್ಲ. ನನಗೆ ಹತ್ತು ವರ್ಷವಾದಾಗ ಅಮ್ಮ ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದಿಸಿದಳು. ಅವಳಿಗೆ ಅದು ಓದಲು ಬರುತ್ತಿರಲಿಲ್ಲ.

ಆ ಪುಟ್ಟ ರೈಲಿನ ವಿಷಯ ಸ್ವಲ್ಪ ಹೇಳಬೇಕು. ಅದರ ಹಳಿಗಳ ನಡುವೆ ಎರಡೂವರೆ ಅಡಿ ಅಷ್ಟೇ. ಎದುರುಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಏರು ಬಂದಾಗ ಹುಡುಗರು ಇಳಿದು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರು ಎಂದು ನಮ್ಮ ಕಡೆ ಎಲ್ಲರೂ ಹೇಳುವವರೇ. ಮೊದಲು 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಇಂಥ ರೈಲು ಬಂತು. 1915ರಲ್ಲಿ ಯಲಹಂಕದ ಕಡೆಯಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಬಂತು. ಆಮೇಲೆ ಕೆಲವೇ ವರ್ಷಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳನ್ನು ಮುಟ್ಟಿಸಿಕೊಂಡು ಎರಡು ತುದಿಗಳೂ ಸೇರಿದವು. ಆ ಕಾಲಕ್ಕೆ ಮೈಸೂರಿನ ದಿವಾನರಾಗಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ. ನಮ್ಮ ಊರಿನ ಪಕ್ಕದ ಮುದ್ದೇನಹಳ್ಳಿಯವರು.

ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಓದುವಾಗ ಊರಿಗೆ ನಡೆದೇ ಬರುತ್ತಿದ್ದರೆಂಬ ಕತೆಯನ್ನು ನಮ್ಮ ಕಡೆಯ ಮಕ್ಕಳಿಗೆಲ್ಲ ಶಾಲೆಯಲ್ಲಿ ಹೇಳುತ್ತಾರೆ. ಓದಿನ ಶ್ರದ್ಧೆಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಅದು ದಾರಿಯ ಕತೆ. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೇಲೆ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಮದರಾಸಿನ ಹಳಿಗಳೂ ಮುಂಬಯಿಯ ಹಳಿಗಳೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಎಂದರೆ ಆ ಹುಡುಗ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಬೆಂಗಳೂರಿನಲ್ಲಿ ರೈಲು ಹತ್ತಿ ಅರಕೋಣ, ರಾಯಚೂರುಗಳ ಮೇಲೆ ಸುತ್ತಿ ಪುಣೆಗೆ ಹೋಗಬಹುದಾಗಿತ್ತು, ಮುಂಬಯಿಗೆ ಹೋಗಬಹುದಾಗಿತ್ತು, ಅಲ್ಲಿ ಹಡಗು ಹತ್ತಿ ವಿಲಾಯತಿಗೂ ಹೋಗಬಹುದಾಗಿತ್ತು. ಅಮ್ಮನನ್ನು ನೋಡಲು ಮುದ್ದೇನಹಳ್ಳಿಗೆ ಹೋಗಬೇಕಾದರೆ ಮಾತ್ರ ಕಾಲೇ ಗತಿ. ಬೆಂಗಳೂರಿಗೂ ನಮಗೂ ನಡುವೆ ಇರುವ ಆ ಮೂವತ್ತೈದು ಮೈಲಿಯೇ ನಮ್ಮ ಸಮುದ್ರ.

ಆ ಸಮುದ್ರ ದಾಟಿದವರಿಗೆ ಮಿಕ್ಕದ್ದು ಹೇಗೋ ಆಗುತ್ತಿತ್ತು. ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು 1898ರಲ್ಲಿ ರಜೆ ಹಾಕಿ ಜಪಾನಿಗೆ ಹೋದರು, ಸುಮಾರು ಮೂರು ತಿಂಗಳು ಅಲ್ಲಿದ್ದರು. ಸಮುದ್ರ ದಾಟಿದರೆ ಪ್ರಾಯಶ್ಚಿತ್ತ ಮಾಡಿಕೋ ಎಂದು ಹಿರಿಯರು ಹೇಳುತ್ತಿದ್ದ ಕಾಲ. ಹೋದವರೂ ಹೆಚ್ಚಾಗಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಪೂರ್ವಕ್ಕೆ ಮುಖ ಮಾಡಿದವರು ವಿರಳ.

ಜಪಾನಿಗೆ ಹೋಗುವ ದಾರಿ ಆಗ ಹೇಗಿತ್ತು ಎಂಬುದಕ್ಕೆ ಐದು ವರ್ಷ ಹಿಂದಿನ ಇನ್ನೊಂದು ಪ್ರಯಾಣ ನಮಗೆ ಚೆನ್ನಾಗಿ ತಿಳಿದಿದೆ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಪಿನಾಂಗ್, ಸಿಂಗಪುರ, ಹಾಂಗ್‌ಕಾಂಗ್, ನಾಗಸಾಕಿ ಆಗಿ ಕೋಬೆಗೆ ಬಂದು ಅಲ್ಲಿ ಹಡಗು ಬಿಟ್ಟರು. ಒಸಾಕಾ, ಕ್ಯೋಟೋ, ಟೋಕಿಯೋಗಳನ್ನು ನೋಡಿಕೊಂಡು ನೆಲದ ಮೇಲೆಯೇ ಯೊಕೊಹಾಮ ತಲುಪಿದರು. ಯೊಕೊಹಾಮದಿಂದ ಅಮೆರಿಕದ ಕಡೆಗೆ ಹೊರಟ ಹಡಗಿನಲ್ಲಿ ಅವರ ಜೊತೆ ಜಮ್‌ಶೇಟ್‌ಜಿ ಟಾಟಾ ಇದ್ದರು. ಅದೇ ವರ್ಷದ ಕೊನೆಗೆ ಜಪಾನಿನ ನಿಪ್ಪಾನ್ ಯೂಸೆನ್ ಕೈಶಾ ಎಂಬ ಹಡಗಿನ ಕಂಪನಿ ಹತ್ತಿಯ ವ್ಯಾಪಾರಕ್ಕಾಗಿ ಮುಂಬಯಿಗೆ ತನ್ನ ಹಡಗುಗಳನ್ನು ಓಡಿಸಲು ಶುರುಮಾಡಿತು. ಟಾಟಾ ಅವರು ಅದಕ್ಕೆ ಒತ್ತಾಸೆಯಾಗಿದ್ದರು.

ಇದೆಲ್ಲ ಎಲ್ಲಿಯ ಮಾತು, ನಮ್ಮ ಕಡೆಗೇನು ಸಂಬಂಧ ಅಂತೀರಾ? ಇದೆ. 1890ರ ದಶಕದ ಕೊನೆಯಲ್ಲಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಜಪಾನಿನ ರೀತಿಯಲ್ಲಿ ಹುಳು ಸಾಕುವುದನ್ನೂ ನೂಲು ತೆಗೆಯುವುದನ್ನೂ ಕಲಿಸಲು ಅಲ್ಲಿಂದ ಓಡ್ಜು ಎಂಬ ದಂಪತಿಗಳನ್ನು ಕರೆಸಿದರು. ಬಸವನಗುಡಿಯ ಬಳಿಯ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇವತ್ತಿಗೂ ಉಳಿದಿದೆ. ಶಿಡ್ಲಘಟ್ಟದಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ಗೂಡು ಬೇಯುವ ವಾಸನೆ ಸದಾ ಇರುತ್ತಿತ್ತು. ಬಿಸಿನೀರಿನಲ್ಲಿ ಕೈ ಆಡಿಸಿ ಆಡಿಸಿ ಅವರ ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತಿತ್ತು. ಜಪಾನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಜಪಾನಿನ ಜಾತಿಯ ಹುಳುವಿನ ಗೂಡು ಬಿಳಿ, ನಮ್ಮದು ಹಳದಿ, ಎಂದು. ಅತ್ತೆ ಶಿಡ್ಲಘಟ್ಟ ಬಿಟ್ಟು ಹೋದದ್ದು ತಿರುಪತಿಗೆ ಒಂದು ಸಲ. ಅವರು ತೆಗೆದ ನೂಲು ಎಲ್ಲೆಲ್ಲಿಗೆ ಹೋಯಿತೋ.

ಬೆಂಗಳೂರಿಗೆ ಬಂದ ಆ ಜಪಾನಿ ಹೆಂಗಸನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಹಡಗು, ರೈಲು, ಆಮೇಲೆ ಜಟಕಾದಲ್ಲಿ ಬಸವನಗುಡಿ. ಭಾಷೆ ಬಾರದ ಊರಿನಲ್ಲಿ ಸಂತೆಗೆ ಹೇಗೆ ಹೋಗುತ್ತಿದ್ದಳು?

ನಾನು ಯೊಕೊಹಾಮಕ್ಕೆ ಹೋದ ಮೊದಲ ವಾರ ಮನೆ ಬಿಟ್ಟು ಹೊರಗೆ ಬರಲಿಲ್ಲ. ಅಕ್ಷರ ಬಾರದು, ಮಾತು ಬಾರದು. ಅಮ್ಮ ವೇಳಾಪಟ್ಟಿಯ ಮುಂದೆ ನಿಂತಿದ್ದ ಹಾಗೆ ನಾನು ಬಸ್ ನಿಲ್ದಾಣದ ಹಲಗೆಯ ಮುಂದೆ ನಿಂತೆ. ಮಗಳು ಕೆಲಸಕ್ಕೆ ಹೋಗುತ್ತಾಳೆ, ಅಳಿಯ ಕೆಲಸಕ್ಕೆ ಹೋಗುತ್ತಾನೆ, ಇಬ್ಬರ ರಜೆಗೆ ಕಾದು ಕೂರಬೇಕು. ಅರವತ್ತೆರಡನೆಯ ವಯಸ್ಸಿಗೆ ಮತ್ತೆ “ಜೊತೆಗೆ ಯಾರು ಬರುತ್ತಾರೆ” ಎಂಬ ಮಾತಿಗೇ ಬಂದು ನಿಂತೆನಲ್ಲಾ ಎಂದು ನನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಮಗಳು ಹಕೋನೆ ಎಂಬ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಅಲ್ಲಿಗೆ ಹೋಗುವುದೇ ಒಂದು ಜಾತ್ರೆ. ಒಡವಾರ ಎಂಬ ಊರಿನ ತನಕ ದೊಡ್ಡ ರೈಲು. ಆಮೇಲೆ 1919ರಲ್ಲಿ ಶುರುವಾದ ಬೆಟ್ಟದ ರೈಲು. ಅದು ಏರಲಾರದ ಕಡೆ ನಿಂತು, ಚಾಲಕ ಈ ತುದಿಯಿಂದ ಇಳಿದು ಆ ತುದಿಗೆ ನಡೆದು ಹೋಗಿ, ಹಿಮ್ಮುಖವಾಗಿ ಹತ್ತುತ್ತದೆ. ಹೀಗೆ ಮೂರು ಸಲ. ಜೂನ್ ತಿಂಗಳಾದ್ದರಿಂದ ಹಳಿಯ ಎರಡು ಪಕ್ಕದಲ್ಲೂ ನೀಲಿ ಹೂಗಳ ಗೊಂಚಲು ಕಿಟಕಿಗೆ ತಾಗುತ್ತಿದ್ದವು. ಆಮೇಲೆ ಹಗ್ಗ ಎಳೆಯುವ ಗಾಡಿ, ಆಮೇಲೆ ತಂತಿಯ ಮೇಲೆ ತೂಗಾಡುವ ತೊಟ್ಟಿಲು, ಕಡೆಗೆ ಸರೋವರದಲ್ಲಿ ದೋಣಿ. ಅಮ್ಮನ ಲೆಕ್ಕಕ್ಕೆ ಇದೇ ಸರಿಯಾದ ಪ್ರಯಾಣ ಅಂದುಕೊಂಡೆ.

ಸರೋವರದ ದಡದಲ್ಲಿ ಹಳೆಯ ಒಂದು ಸುಂಕದ ಕಟ್ಟೆಯಂಥದ್ದಿದೆ. 2007ರಲ್ಲಿ ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಸುಂಕಕ್ಕಲ್ಲ, ಪ್ರಯಾಣಿಕರನ್ನು ತಡೆದು ನೋಡಲು ಇದ್ದ ಠಾಣೆ ಅದು. ಟೋಕಿಯೋಗೆ ಎಡೋ ಎಂಬ ಹೆಸರಿದ್ದಾಗ, 1619ರ ಸುಮಾರಿನಿಂದ ಇನ್ನೂರೈವತ್ತು ವರ್ಷ, ಎಡೋದಿಂದ ಕ್ಯೋಟೋದ ಕಡೆ ಹೋಗುವ ಹೆದ್ದಾರಿಯಲ್ಲಿ ಇಲ್ಲಿ ಎಲ್ಲರೂ ನಿಲ್ಲಬೇಕಿತ್ತು. ಇಂಥ ಠಾಣೆಗಳವರು ಮುಖ್ಯವಾಗಿ ಹುಡುಕುತ್ತಿದ್ದುದು ಎರಡನ್ನು. ಎಡೋ ಒಳಗೆ ಬರುವ ಕೋವಿಗಳು, ಎಡೋದಿಂದ ಹೊರಗೆ ಹೋಗುವ ಹೆಂಗಸರು. ಸಾಮಂತರು ದಂಗೆ ಏಳದಿರಲೆಂದು ಅವರ ಹೆಂಡತಿ ಮಕ್ಕಳನ್ನು ಎಡೋದಲ್ಲಿ ಒತ್ತೆ ಇಟ್ಟುಕೊಳ್ಳುತ್ತಿದ್ದರು. ಅವರು ತಪ್ಪಿಸಿಕೊಳ್ಳದಿರಲಿ ಎಂಬುದಕ್ಕಾಗಿ ದೊಡ್ಡವರ ಮನೆಯ ಹೆಂಗಸರಿಗಷ್ಟೇ ಅಲ್ಲ, ಸಾಮಾನ್ಯ ಹೆಂಗಸರಿಗೂ ಇದೇ ಕಟ್ಟುಪಾಡು. ಹೆಂಗಸಿಗೆ ಬೇರೆಯೇ ರಹದಾರಿ ಪತ್ರ ಬೇಕು. ಅದರಲ್ಲಿ ಅವಳ ರೂಪ, ಕೂದಲು ಕಟ್ಟಿದ ಬಗೆ ಎಲ್ಲ ಬರೆದಿರಬೇಕು. ಪತ್ರದಲ್ಲಿದ್ದ ಹಾಗೆ ಇದ್ದಾಳೋ ಇಲ್ಲವೋ ಎಂದು ತುರುಬು ಬಿಚ್ಚಿಸಿ ನೋಡಲು ಠಾಣೆಯಲ್ಲಿ ಒಬ್ಬಳು ಹೆಂಗಸನ್ನೇ ಇಟ್ಟಿದ್ದರು. ಈಗ ಅಲ್ಲಿ ಆ ದೃಶ್ಯವನ್ನು ಗೊಂಬೆಗಳಲ್ಲಿ ತೋರಿಸಿದ್ದಾರೆ. ಮುದುಕಿ ಬಗ್ಗಿ ಕೂದಲು ನೋಡುತ್ತಿದ್ದಾಳೆ, ಪ್ರಯಾಣಿಕಳು ನೆಲ ನೋಡುತ್ತಿದ್ದಾಳೆ.

ಆ ಗೊಂಬೆಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ನಮ್ಮ ಹಜಾರದಲ್ಲಿ ಠಾಣೆಯ ಹಲಗೆ ಇರಲಿಲ್ಲ, ಅಷ್ಟೇ. ಯಾಕೆ ಹೋಗುತ್ತೀ, ಯಾರ ಜೊತೆ, ಎಂದು ಬರುತ್ತೀ, ಹಬ್ಬ ಹತ್ತಿರ ಬಂತಲ್ಲ. ಕೇಳುತ್ತಿದ್ದವರೂ ಹೆಂಗಸರೇ.

ಹಕೋನೆಯಂಥ ಠಾಣೆಗಳನ್ನೆಲ್ಲ ಜಪಾನಿನ ಹೊಸ ಸರ್ಕಾರ 1869ರಲ್ಲಿ ತೆಗೆದುಹಾಕಿತು. ಮೂರೇ ವರ್ಷದಲ್ಲಿ, 1872ರ ಅಕ್ಟೋಬರಿನಲ್ಲಿ, ಟೋಕಿಯೋದ ಶಿಂಬಾಶಿಯಿಂದ ಯೊಕೊಹಾಮಕ್ಕೆ ಮೊದಲ ರೈಲು ಓಡಿತು. ಇಂಗ್ಲಿಷ್ ಎಂಜಿನಿಯರು, ಇಂಗ್ಲಿಷ್ ಎಂಜಿನ್ನು, ಹಳಿಗಳ ನಡುವೆ ಮೂರೂವರೆ ಅಡಿ. ಗೌರಿಬಿದನೂರಿನ ಮೇಲೆ ಹೋಗುತ್ತಿದ್ದ ನಮ್ಮ ಮೀಟರ್ ಗೇಜಿಗಿಂತ ಒಂದೆರಡು ಅಂಗುಲವಷ್ಟೇ ಹೆಚ್ಚು. ದೂರ 29 ಕಿಲೋಮೀಟರು, ಹೊತ್ತು 53 ನಿಮಿಷ, ಮೂರನೆಯ ದರ್ಜೆಗೆ 37 ಸೆನ್ 5 ರಿನ್, ಮೊದಲ ದರ್ಜೆಗೆ ಅದರ ಮೂರರಷ್ಟು. ಗಾಡಿಯೊಳಗೆ ಕಾಲಿಡುವಾಗ ಮನೆಯೊಳಗೆ ಹೋಗುವ ಹಾಗೆ ಚಪ್ಪಲಿಯನ್ನು ಪ್ಲಾಟ್‌ಫಾರಂ ಮೇಲೆ ಬಿಟ್ಟು ಹತ್ತಿದವರಿದ್ದರು, ಇಳಿದ ಮೇಲೆ ಚಪ್ಪಲಿ ಹುಡುಕಿದರು ಎಂದು ಕತೆ. ನಮ್ಮವರೂ ಹಾಗೇ ಮಾಡುತ್ತಿದ್ದರೇನೋ.

ವಿಶ್ವೇಶ್ವರಯ್ಯನವರು ಹೋದ ಹೊತ್ತಿಗೆ ಟೋಕಿಯೋದಿಂದ ಕೋಬೆಯ ತನಕ ಹಳಿ ಪೂರ್ತಿಯಾಗಿ ಒಂಬತ್ತು ವರ್ಷವಾಗಿತ್ತು. ಟೋಕಿಯೋದ ಬೀದಿಗಳಲ್ಲಿ ಕುದುರೆ ಎಳೆಯುವ ಟ್ರಾಮು, ಕ್ಯೋಟೋದಲ್ಲಿ 1895ರಿಂದಲೇ ವಿದ್ಯುತ್ ಟ್ರಾಮು. ಸಂದುಗೊಂದಿಗೆಲ್ಲ ಮನುಷ್ಯ ಎಳೆಯುವ ಜಿನ್‌ರಿಕಿಷಾ. ಮನುಷ್ಯ, ಬಲ, ಗಾಡಿ ಎಂಬ ಮೂರು ಮಾತು ಸೇರಿ ಆದ ಹೆಸರು ಅದು. 1870ರ ಸುಮಾರಿಗೆ ಟೋಕಿಯೋದಲ್ಲಿ ಹುಟ್ಟಿದ್ದು. ಮೊದಲಕ್ಷರ ಕಳೆದುಕೊಂಡು, ಕೊನೆಯದನ್ನು ಮೊಟಕು ಮಾಡಿಕೊಂಡು, ನಮ್ಮ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಮುಂದೆ ಈಗ ಆಟೋರಿಕ್ಷಾ ಆಗಿ ನಿಂತಿದೆ. ವಿದೇಶೀಯರಿಗೆ ಒಂದು ತೊಡಕೂ ಇತ್ತು. 1899ರ ತನಕ ಯೊಕೊಹಾಮ, ಕೋಬೆಯಂಥ ಬಂದರುಗಳಿಂದ ಒಳನಾಡಿಗೆ ದೂರ ಹೋಗಬೇಕಾದರೆ ಅವರು ಬೇರೆಯ ರಹದಾರಿ ಪಡೆಯಬೇಕಿತ್ತು. ಎಂಥ ದೊಡ್ಡ ಗಂಡಸಾದರೂ ಪರದೇಶಕ್ಕೆ ಹೋದಾಗ ಸ್ವಲ್ಪ ಹೆಂಗಸಾಗಬೇಕಾಗುತ್ತದೆ ಎಂದು ನನಗೆ ತೋರಿತು.

ಆ ದೇಶದವರೂ ಒಂದೇ ದಿನದಲ್ಲಿ ಎಲ್ಲವನ್ನೂ ಸರಿಮಾಡಿಕೊಂಡರು ಎಂದಲ್ಲ. 1912ರಲ್ಲೇ ಟೋಕಿಯೋದ ಒಂದು ರೈಲು ದಾರಿಯಲ್ಲಿ ಶಾಲೆಗೆ ಹೋಗುವ ಹುಡುಗಿಯರಿಗಾಗಿ ಪ್ರತ್ಯೇಕ ಡಬ್ಬಿ ಹಾಕಬೇಕಾಯಿತು. 2000ದ ನಂತರ ಜನಜಂಗುಳಿಯ ಹೊತ್ತಿಗೆ ಹೆಂಗಸರ ಡಬ್ಬಿ ಮತ್ತೆ ಬಂತು. ಕಾರಣ ಏನೆಂದು ನಮ್ಮ ಬಸ್ಸುಗಳಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೌರಿಬಿದನೂರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿಗೆ ನಮಗಿಂತ ಇಪ್ಪತ್ತು ವರ್ಷಕ್ಕೂ ಮೊದಲೇ ರೈಲು ಬಂದಿತ್ತು. ಆದರೆ ಆ ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಓದಲು ಹೊರಟ ಎಚ್. ನರಸಿಂಹಯ್ಯ ಎಂಬ ಹುಡುಗ ಕೈಯಲ್ಲಿ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋದ. ಎರಡು ದಿನದ ದಾರಿ. ಮುಂದೆ ಅದೇ ಹುಡುಗ ಅಮೆರಿಕಕ್ಕೆ ಹೋಗಿ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರ ಓದಿ 1960ರಲ್ಲಿ ಡಾಕ್ಟರೇಟ್ ಪಡೆದು ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಇಲ್ಲೂ ನೋಡಿ, ಸಾವಿರಾರು ಮೈಲಿ ದೂರದ ಓಹಿಯೋಗೆ ಹೋಗಲು ದಾರಿ ಸಿಕ್ಕಿತು. ಬೆಂಗಳೂರಿನ ರೈಲು ಚಾರ್ಜಿಗೆ ಮನೆಯಲ್ಲಿ ದುಡ್ಡಿರಲಿಲ್ಲ. ಅವರು ಗಂಡು ಹುಡುಗರಾದ್ದರಿಂದ ನಡೆದರು. ಅದೇ ಬುದ್ಧಿಯ ಹುಡುಗಿ ಒಬ್ಬಳು ಆ ಊರಿನಲ್ಲಿ ಇದ್ದಿದ್ದರೆ ರಾತ್ರಿ ಎಲ್ಲಿ ತಂಗುತ್ತಿದ್ದಳು? ನರಸಿಂಹಯ್ಯನವರ ಬಗ್ಗೆ ನನಗೆ ಹೆಚ್ಚು ಗೌರವ ಇರುವುದು ಅವರ ನಡಿಗೆಗಲ್ಲ. ಆಮೇಲೆ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ತೆರೆಸಿದರಲ್ಲ, ಅದಕ್ಕೆ. ಅಲ್ಲಿಯ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬಂದು ಪದವೀಧರರಾದರು.

ಹಕೋನೆಯಿಂದ ಬಂದ ಮಾರನೆಯ ದಿನ ನಾನು ಮಗಳಿಗೆ ಹೇಳಿದೆ, ಒಬ್ಬಳೇ ಶಿಂಬಾಶಿಗೆ ಹೋಗಿಬರುತ್ತೇನೆ ಎಂದು. ಅವಳು ಗಾಬರಿಯಾದಳು. ಆಮೇಲೆ ಸುಯಿಕಾ ಎಂಬ ಕಾರ್ಡು ಕೊಟ್ಟಳು. ದುಡ್ಡು ತುಂಬಿಸಿಟ್ಟರೆ ಬಾಗಿಲಲ್ಲಿ ಒಮ್ಮೆ ತಾಗಿಸಿದರೆ ಸಾಕು, ಟಿಕೆಟ್ಟಿನ ಯಂತ್ರದ ಮುಂದೆ ನಿಂತು ಅಕ್ಷರಗಳೊಡನೆ ಗುದ್ದಾಡಬೇಕಾಗಿಲ್ಲ. ಸಾಕುರಾಗಿಚೋ ಸ್ಟೇಷನ್ನಿನಲ್ಲಿ ಹತ್ತಿದೆ. 1872ರ ಮೊದಲ ಯೊಕೊಹಾಮ ಸ್ಟೇಷನ್ ಅದೇ ಜಾಗದಲ್ಲಿತ್ತು. ಬೆಳಿಗ್ಗೆ ಒಂಬತ್ತೂವರೆ. ತಿಳಿನೀಲಿ ಪಟ್ಟೆಯ ಗಾಡಿ ಎಂದು ಮಗಳು ಬಣ್ಣದ ಗುರುತು ಹೇಳಿದ್ದಳು. ಪ್ರತಿ ಸ್ಟೇಷನ್ನಿಗೂ ಒಂದು ಸಂಖ್ಯೆ ಇದೆ, ಅದನ್ನು ಎಣಿಸಿಕೊಂಡು ಕೂತೆ. ನನ್ನ ಎದುರು ಒಬ್ಬಾಕೆ ಅಜ್ಜಿ ಮಡಿಲಲ್ಲಿ ಕೊಡೆ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ವಯಸ್ಸು ಎಂಬತ್ತರ ಮೇಲೆ. ಜೊತೆಗೆ ಯಾರೂ ಇರಲಿಲ್ಲ. ಅವರ ಸ್ಟೇಷನ್ ಬಂದಾಗ ಸರಿಯಾಗಿ ಕಣ್ಣು ಬಿಟ್ಟು ಇಳಿದು ಹೋದರು.

ಶಿಂಬಾಶಿಯ ಚೌಕದಲ್ಲಿ ಹಳೆಯ ಕಪ್ಪು ಉಗಿ ಎಂಜಿನ್ನೊಂದನ್ನು ನಿಲ್ಲಿಸಿದ್ದಾರೆ. ಅದರ ಪಕ್ಕದಲ್ಲಿ ಕೂತು ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆ. ವಾಪಸು ಬರುವಾಗ ಒಂದು ಸ್ಟೇಷನ್ ಮುಂದಕ್ಕೆ ಹೋಗಿಬಿಟ್ಟೆ, ಮತ್ತೆ ಹಿಂದಕ್ಕೆ ಬಂದೆ. ಮಗಳಿಗೆ ಹೇಳಲಿಲ್ಲ.

ಅಲ್ಲಿಂದ ಮೂರು ತಿಂಗಳು ನಾನು ಓಡಾಡಿದ್ದೇ ಓಡಾಡಿದ್ದು. ಅಲ್ಲಿಯ ತಾಯಂದಿರ ಸೈಕಲ್ಲಿನ ವಿಷಯ ಬರೆಯದಿದ್ದರೆ ತಪ್ಪಾದೀತು. ಮುಂದೆ ಬುಟ್ಟಿ, ಹಿಂದೆ ಮಗು ಕೂರುವ ಕುರ್ಚಿ, ಕೆಲವಕ್ಕೆ ಹ್ಯಾಂಡಲ್ಲಿನ ನಡುವೆ ಇನ್ನೊಂದು ಮಗುವಿಗೂ ಜಾಗ. ಮಾಮಾಚಾರಿ ಎಂದು ಹೆಸರು. ನಮ್ಮ ಪೇಟೆಯ ಯಾರೋ ಆಚಾರಿಯ ಹೆಸರಿನ ಹಾಗಿದೆ ಎಂದು ನಾನು ನಕ್ಕೆ. ಅಮ್ಮ ಎಂಬುದಕ್ಕೆ ಮಾಮಾ, ಸೈಕಲ್ಲಿಗೆ ಬಾಯಿಮಾತಿನಲ್ಲಿ ಚಾರಿ. ಮಳೆಯಲ್ಲೂ ರೇನ್‌ಕೋಟು ತೊಟ್ಟು ಎರಡು ಮಕ್ಕಳನ್ನು ಕೂರಿಸಿಕೊಂಡು ಏರು ಹತ್ತುವ ತಾಯಂದಿರನ್ನು ನೋಡಿ, 2006-07ರಲ್ಲಿ ನಮ್ಮ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲು ಬಂದಾಗ ಶಿಡ್ಲಘಟ್ಟದ ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದ ನೀಲಿ ಲಂಗಗಳು ನೆನಪಾದವು.

ಊರಿಗೆ ಬಂದ ಮೇಲೆ ಅಮ್ಮ ಎಲ್ಲವನ್ನೂ ಕೇಳಿದಳು. ಹೂವಿನ ರೈಲಿಗೆ ಸಂತೋಷಪಟ್ಟಳು. ಹಕೋನೆಯ ಗೊಂಬೆಗಳ ಮಾತು ಬಂದಾಗ ಸುಮ್ಮನಾದಳು. ಆಮೇಲೆ ಆ ಶಿಂಬಾಶಿಗೆ ರೈಲು ಚಾರ್ಜು ಎಷ್ಟು ಅಂದಳು. ಕಾರ್ಡಿನಲ್ಲಿ ಹೋಯಿತಮ್ಮ, ಎಷ್ಟು ಅಂತ ನೋಡಲಿಲ್ಲ ಅಂದೆ. “ನೋಡಬೇಕು” ಅಂದಳು.

2013ರಲ್ಲಿ ನಮ್ಮ ಪುಟ್ಟ ಹಳಿಗಳ ಜಾಗದಲ್ಲಿ ಕೋಲಾರದ ತನಕ ದೊಡ್ಡ ರೈಲು ಓಡಲು ಶುರುವಾಗಿತ್ತು. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ತೆರೆದ ಮೇಲೆ ವಿದೇಶಕ್ಕೆ ಹೋಗುವವರು ಬೆಂಗಳೂರಿನ ತನಕವೂ ಹೋಗಬೇಕಾಗಿರಲಿಲ್ಲ. 2021ರಲ್ಲಿ ಅಲ್ಲಿಂದ ಟೋಕಿಯೋದ ನರಿತಾಗೆ ನೇರ ವಿಮಾನವೂ ಬಂತು. ಮಗಳು ಈಗ ಸಿಂಗಪುರದಲ್ಲಿ ಇಳಿಯದೆಯೇ ಬರುತ್ತಾಳೆ.

2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಶುರುವಾಯಿತು. ಒಂದು ತಿಂಗಳು ಕಳೆದ ಮೇಲೆ ಅಮ್ಮ ಚಿಂತಾಮಣಿಗೆ ಹೋಗಬೇಕು ಎಂದು ಹಟ ಹಿಡಿದಳು. ಕಾರು ಮಾಡುತ್ತೇನೆ ಎಂದರೂ ಕೇಳಲಿಲ್ಲ. ನಾನು ಜೊತೆಗೆ ಹೊರಟೆ. ಬಸ್ಸಿನ ತುಂಬ ಹೆಂಗಸರು. ನಿಂತವರು, ಕೂತವರು, ಗೂಡಿನ ಮಾರುಕಟ್ಟೆಯ ಕೆಲಸಕ್ಕೆ ಹೋಗುವವರು, ಮಗಳ ಬಾಣಂತನಕ್ಕೆ ಹೋಗುವವರು. ಗಂಡಸೊಬ್ಬ ಗೊಣಗುತ್ತಿದ್ದ. ಅಮ್ಮ ಸೆರಗಿನ ಗಂಟು ಬಿಚ್ಚಿ ಡಬ್ಬದಿಂದ ತಂದಿದ್ದ ನೋಟುಗಳನ್ನು ಕಂಡಕ್ಟರಿಗೆ ಚ��ಚಿದಳು. ಆ ಹುಡುಗ “ಬೇಡಜ್ಜಿ, ಆಧಾರ್ ತೋರಿಸಿ ಸಾಕು” ಅಂದು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಶಿಡ್ಲಘಟ್ಟ ದಾಟುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ “ಓದೇ, ಏನು ಬರೆದಿದೆ” ಅಂದಳು. ಹತ್ತಿದ ಊರು, ಇಳಿಯುವ ಊರು, ಹೊತ್ತು, ಎಲ್ಲವನ್ನೂ ಓದಿ ಹೇಳಿದೆ.